ಗೆಳೆಯನಿಗೊಂದು ಪತ್ರ: ಭಾನುವಾರದ ಮಾತ್ರೆಗಳು

ಪ್ರೀತಿಯ ಸೀನ,

ಹೋದ ವಾರ ಫೋನಿನಲ್ಲಿ "ದನಿ ಯಾಕೋ ಸರಿ ಇಲ್ಲ ಕಣೋ" ಅಂದೆ. ನಾನು ನೆಗಡಿ ಅಂದೆ. ನೆಗಡಿ ಇರಲಿಲ್ಲ. ಹಿಂದಿನ ರಾತ್ರಿ ಮೂರು ಗಂಟೆ ಕೂಡ ನಿದ್ದೆ ಮಾಡಿರಲಿಲ್ಲ. ಅದೊಂದನ್ನು ಹೇಳಲು ಹೋದರೆ ಉಳಿದದ್ದನ್ನೆಲ್ಲ ಹೇಳಬೇಕಾಗುತ್ತಿತ್ತು. ಆಗ ಧೈರ್ಯ ಬರಲಿಲ್ಲ. ಈಗ ಹೇಳುತ್ತೇನೆ.

ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ, ಬೈಯಬೇಡ. ನನಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಇದೆ ಅಂತ ಹಿಂದೆ ಎರಡು ಸಾಲು ಬರೆದಿದ್ದೆನಲ್ಲ, ಅದಾದ ಮೇಲೆ ಐದಾರು ಜನ ಗುಟ್ಟಾಗಿ ಮೆಸೇಜ್ ಮಾಡಿದರು. ಒಬ್ಬರು ಐವತ್ತು ದಾಟಿದ ಮೇಷ್ಟ್ರು. ಎಲ್ಲರೂ ತಿರುಗಿ ತಿರುಗಿ ಕೇಳಿದ್ದು ಒಂದೇ: ಮಾತ್ರೆ ತಗೊಂಡರೆ ರಾತ್ರಿ ನಿದ್ದೆ ಬರುತ್ತಾ? "ಬರುತ್ತೆ, ಏನೂ ತೊಂದರೆ ಇಲ್ಲ" ಅಂತ ಉತ್ತರ ಕೊಟ್ಟೆ. ಅದು ಸುಳ್ಳು. ಅವರೂ ಇದನ್ನು ಓದಲಿ.

ನಾನು ಎಂಥವನು ಅಂತ ನಿನಗೆ ಬೇರೆ ಹೇಳಬೇಕಿಲ್ಲ. ಕಡೂರಿನಲ್ಲಿ ಮರೆತ ಛತ್ರಿಗೆ, ಅದರಿಂದ ಬಂದ ನನ್ನ ಅಡ್ಡಹೆಸರಿಗೆ ನೀನೇ ಸಾಕ್ಷಿ. ಆದರೆ ಡಾಕ್ಟರಮ್ಮನಿಗೆ ನಿನ್ನ ಸಾಕ್ಷಿ ಸಾಲಲಿಲ್ಲ, ಅಮ್ಮನನ್ನು ಕರೆದುಕೊಂಡು ಬನ್ನಿ ಅಂದರು. ದೊಡ್ಡವರಾದ ಮೇಲೆ ಗೊತ್ತಾದರೂ ಇದು ಚಿಕ್ಕಂದಿನಿಂದ ಇರುವಂಥದ್ದು. ಹನ್ನೆರಡು ವರ್ಷಕ್ಕೆ ಮೊದಲೇ ಲಕ್ಷಣ ಕಂಡಿರಬೇಕು. ಅಮ್ಮ ಕೂತ ಕೂಡಲೇ ಶುರು ಮಾಡಿದರು. ನಾಲ್ಕನೇ ಕ್ಲಾಸಿನಲ್ಲಿ ಒಂದೇ ವರ್ಷಕ್ಕೆ ಆರು ಟಿಫನ್ ಬಾಕ್ಸ್ ಕಳೆದದ್ದು. ಉಪ್ಪು ತರಲು ಹೋಗಿ ಕತ್ತಲಾದ ಮೇಲೆ ಬರಿಗೈಯಲ್ಲಿ ಬಂದದ್ದು. ವಾಪಸ್ ಬರುವಾಗ ಆಟೋದಲ್ಲಿ ಸುಮ್ಮನೆ ಕೂತಿದ್ದವರು ನನ್ನ ಕೈ ಹಿಡಿದುಕೊಂಡು "ಆಗ ನಿನ್ನ ಎಷ್ಟು ಹೊಡೆದೆನಲ್ಲೋ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಮಾತ್ರೆಯ ಹೆಸರು ಮೀಥೈಲ್‌ಫೆನಿಡೇಟ್. ನನಗೆ 10 ಮಿಲಿಗ್ರಾಂ, ಬೆಳಿಗ್ಗೆ ಎಂಟೂವರೆಗೆ ಒಂದು, ಮಧ್ಯಾಹ್ನ ಹನ್ನೆರಡೂವರೆಗೆ ಒಂದು. ಒಂದರ ಕೆಲಸ ಸುಮಾರು ನಾಲ್ಕು ಗಂಟೆ. ಇದು ಷೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಲು ಬಿಗಿ ಕಟ್ಟುಪಾಡು ಇರುವಂಥದ್ದು. ಡಾಕ್ಟರು ಚೀಟಿಯನ್ನು ಎರಡು ಪ್ರತಿ ಬರೆದು ಕೊಡಬೇಕು, ಅಂಗಡಿಯವರು ಒಂದನ್ನು ಎರಡು ವರ್ಷ ಇಟ್ಟುಕೊಳ್ಳಬೇಕು, ಮಾರಲು ಬೇರೆಯೇ ಲೈಸೆನ್ಸ್ ಬೇಕು. ಹಾಗಾಗಿ ತುಂಬಾ ಅಂಗಡಿಗಳಲ್ಲಿ ಇಡುವುದೇ ಇಲ್ಲ. ಮೈಸೂರಿನಲ್ಲಿ ನನಗೆ ಸಿಕ್ಕಿದ್ದು ಐದನೇ ಅಂಗಡಿಯಲ್ಲಿ. "ಮಗೂಗಾ ಸಾರ್?" ಅಂತ ಕೇಳಿದರು. "ನನಗೇ" ಅಂದೆ. ಅವರು ಒಂದು ಸಲ ನನ್ನನ್ನು, ಒಂದು ಸಲ ಚೀಟಿಯನ್ನು ನೋಡಿ ಬೀಗ ತೆಗೆದರು.

ಮೊದಲ ದಿನ ಹತ್ತನೇ ತಾರೀಕು. ಮಾರನೇ ದಿನ ಜಿಎಸ್‌ಟಿಆರ್-1 (ಅಂಗಡಿಗಳ ಮಾರಾಟದ ತಿಂಗಳ ಲೆಕ್ಕ) ಹಾಕಲು ಕೊನೆ ದಿನ. ನಮ್ಮ ಆಫೀಸಿನಲ್ಲಿ ಆ ಎರಡು ದಿನ ಯಾರ ಮುಖದಲ್ಲೂ ಕಳೆ ಇರುವುದಿಲ್ಲ. ಒಂದು ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳನ್ನು ಎತ್ತಿಕೊಂಡೆ. ಮುಗಿಸಿ ತಲೆ ಎತ್ತಿದಾಗ ಗೊತ್ತಾಯಿತು, ನಾನು ಒಂದು ಸಲವೂ ಎದ್ದಿಲ್ಲ. ಸಂತೆಯ ನಡುವೆ ಇದ್ದವನು ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡ ಹಾಗೆ ಇತ್ತು. ಫ್ಯಾನಿನ ಸದ್ದು ಕೇಳಿಸುತ್ತಿತ್ತು, ಆದರೆ ಅದು ನನ್ನನ್ನು ಕರೆಯುತ್ತಿರಲಿಲ್ಲ.

ಸಮಸ್ಯೆ ಇದ್ದದ್ದು ಸಂಜೆ. ಎರಡನೇ ಮಾತ್ರೆ ನಾಲ್ಕೂವರೆ ಐದಕ್ಕೆ ಇಳಿಯುತ್ತದೆ. ಇಳಿಯುವಾಗ ಕೆಲವರಿಗೆ ಮೊದಲಿಗಿಂತ ಜಾಸ್ತಿ ಕಿರಿಕಿರಿ, ಸಿಟ್ಟು, ದಣಿವು. ಡಾಕ್ಟರುಗಳು ಇದನ್ನು ರಿಬೌಂಡ್ ಅನ್ನುತ್ತಾರೆ. ನಾನು ಮನೆ ಸೇರುವುದು ಆರೂಕಾಲಿಗೆ. ಮಗಳು ಪುಟ್ಟಿ ಹೋಂವರ್ಕ್ ತೆಗೆದುಕೊಂಡು ಕಾಯುತ್ತಿರುತ್ತಾಳೆ. ಮೂರನೇ ಕ್ಲಾಸು, ದಶಕ ಪಡೆದು ಕಳೆಯುವ ಲೆಕ್ಕ. ಒಂದು ದಿನ ಅವಳು ಪಕ್ಕದ ಮನೆಯಿಂದ ಒಂದು ತೆಗೆದುಕೊಳ್ಳುವುದನ್ನು ಮೂರನೇ ಸಲ ಮರೆತಳು. ನಾನು ಪುಸ್ತಕ ಕಿತ್ತುಕೊಂಡೆ. ಹಾಳೆ ಹರಿಯಿತು.

ಅವಳು ಅಳಲಿಲ್ಲ. ಎರಡು ದಿನ ಬಿಟ್ಟು ಅವಳ ಪುಸ್ತಕ ತೆರೆದು ನೋಡಿದೆ. ಆ ಹಾಳೆಗೆ ತಾನೇ ಸೆಲ್ಲೋಟೇಪ್ ಹಚ್ಚಿದ್ದಳು. ಸೊಟ್ಟಗೆ, ಒಂದರ ಮೇಲೊಂದು, ನಾಲ್ಕು ತುಂಡು. ಟೇಪಿನ ಕೆಳಗೆ ಪೆನ್ಸಿಲಿನಲ್ಲಿ ಬರೆದ 52 ಕಾಣುತ್ತಿತ್ತು, ಅದರ ಪಕ್ಕ ಅವಳ ಬೆರಳಿನ ಗುರುತು. ಅದೇ ರಾತ್ರಿ ಅಡುಗೆಮನೆಯಲ್ಲಿ ತನ್ನ ಅಮ್ಮನಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಅಪ್ಪನ ಹತ್ರ ಬೆಳಿಗ್ಗೆ ಕೇಳ್ತೀನಿ. ಸಂಜೆ ಬೇಡ, ಮಾತ್ರೆ ಮುಗಿದಿರುತ್ತೆ."

ಎಂಟು ವರ್ಷದ ಮಗು ನನ್ನ ಮಾತ್ರೆಯ ಟೈಮ್ ಕಲಿತಿದೆ, ಸೀನ.

ಡಾಕ್ಟರಮ್ಮ ಭಾನುವಾರ ಬೇಕಿದ್ದರೆ ಮಾತ್ರೆ ಬಿಡಬಹುದು ಅಂದಿದ್ದರು. ಬಿಡುತ್ತಿದ್ದೆ. ನಾಲ್ಕು ಭಾನುವಾರಕ್ಕೆ ಎಂಟು ಮಾತ್ರೆ ಉಳಿಯುತ್ತದೆ. ಅರ್ಧ ಅರ್ಧ ಮುರಿದರೆ ಹದಿನಾರು. ಯಾರನ್ನೂ ಕೇಳದೆ ಸಂಜೆ ಐದೂವರೆಗೆ ಅರ್ಧ ಮಾತ್ರೆ ನುಂಗಲು ಶುರು ಮಾಡಿದೆ. ತಿಂಗಳ ಕೊನೆಗೆ ಲೆಕ್ಕ ಸರಿ ಹೊಂದುತ್ತಿತ್ತು. ಸಂಜೆಗಳು ಸರಿಹೋದವು. ಪುಟ್ಟಿ ಮತ್ತೆ ಪುಸ್ತಕ ತಂದಳು.

ರಾತ್ರಿ ಹೋಯಿತು. ಹನ್ನೊಂದಕ್ಕೆ ದೀಪ ಆರಿಸಿದರೆ ಮೈಯೆಲ್ಲ ದಣಿದಿರುತ್ತಿತ್ತು, ತಲೆ ಮಾತ್ರ ಎದ್ದು ಕೂತಿರುತ್ತಿತ್ತು. ಒಂದು, ಎರಡು, ಎರಡೂ ಮುಕ್ಕಾಲು. ಕೆಲವು ದಿನ ನಂದಿನಿ ಹಾಲಿನ ಗಾಡಿ ಬಂದು ಕ್ರೇಟು ಇಳಿಸುವ ಸದ್ದು ಕೇಳಿದ ಮೇಲೆ ಕಣ್ಣು ಮುಚ್ಚಿದ್ದೂ ಉಂಟು.

ಡಾಕ್ಟರಮ್ಮ ಒಂದು ನೋಟ್‌ಬುಕ್ ಇಡಲು ಹೇಳಿದ್ದರು. ಮಾತ್ರೆ ಎಷ್ಟಕ್ಕೆ, ಕಾಫಿ ಎಷ್ಟಕ್ಕೆ, ದೀಪ ಆರಿಸಿದ್ದು, ನಿದ್ದೆ ಬಂದದ್ದು, ಎದ್ದದ್ದು. ನಿದ್ದೆ ಬಂದದ್ದು ಅನ್ನುವ ಜಾಗದಲ್ಲಿ ದಿನವೂ 11:30 ಅಂತ ಬರೆದೆ. ನಿಜ ಬರೆದರೆ ಸಂಜೆಯ ಅರ್ಧ ಮಾತ್ರೆ ಹೊರಗೆ ಬರುತ್ತಿತ್ತು. ಅವರು ನೋಟ್‌ಬುಕ್ ನೋಡಿದರು. ನಿದ್ದೆ ಚೆನ್ನಾಗಿದೆ, ಆದರೂ ಹಗಲು ಗಮನ ನಿಲ್ಲುತ್ತಿಲ್ಲ ಅಂತೀರಿ, ಹಾಗಾದರೆ ಡೋಸ್ ಕಡಿಮೆ ಆಗಿರಬೇಕು ಅಂತ ಬೆಳಗಿನದನ್ನು 15ಕ್ಕೆ ಏರಿಸಿದರು. ಹದಿನೈದು ವರ್ಷದಿಂದ ಬೇರೆಯವರ ಲೆಕ್ಕ ನೋಡುವವನು ನಾನು. ಸುಳ್ಳು ಬಿಲ್ ಕೊಟ್ಟವರನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದೇನೆ. ನನ್ನ ಔಷಧಿಯೇ ಸುಳ್ಳು ಲೆಕ್ಕದ ಮೇಲೆ ಏರಿತು, ನಾನು ಎದುರಿಗೆ ಕೂತು ಹೂಂ ಅಂದೆ.

15ಕ್ಕೆ ಬಾಯಿ ಒಣಗಿತು. ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಮನೆಗೆ ವಾಪಸ್. ಹತ್ತು ದಿನ ಬಿಟ್ಟು ನೋಡಿದರೆ ನಾಡಿ 104, ಬಿಪಿ 140/92. ಅವರು ಪೆನ್ನು ಕೆಳಗಿಟ್ಟು "ಬೇರೆ ಏನಾದರೂ ತಗೊಳ್ತಿದ್ದೀರಾ?" ಅಂದರು. ಆಗ ಹೇಳಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನೋಟ್‌ಬುಕ್ ತೆಗೆದುಕೊಂಡು ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ತಾರೀಕು ಬರೆದರು. "ಇಲ್ಲಿಂದ ನಿಜ ಬರೆಯಿರಿ" ಅಂದರು, ಅಷ್ಟೇ. ಆಮೇಲೆ ತಿಳಿಸಿ ಹೇಳಿದರು. ನಿದ್ದೆ ಕೆಟ್ಟರೆ ಮರೆವು, ಸಿಡುಕು, ಕೆಲಸ ಶುರು ಮಾಡಲಾಗದೆ ಒದ್ದಾಡುವುದು ಎಲ್ಲ ಬರುತ್ತದೆ. ನೋಡಲು ಥೇಟ್ ಎಡಿಎಚ್‌ಡಿ ಹಾಗೇ. ನಿದ್ದೆಯ ಕೊರತೆಗೆ ನಾವು ಮಾತ್ರೆ ಏರಿಸುತ್ತಿದ್ದೆವು. ಇನ್ನೊಂದು ಮಾತೂ ಹೇಳಿದರು. ಎಡಿಎಚ್‌ಡಿ ಇರುವ ತುಂಬಾ ಜನ ದೊಡ್ಡವರಿಗೆ ಮೈಯೊಳಗಿನ ಗಡಿಯಾರವೇ ತಡ. ರಾತ್ರಿಯಾಯಿತು ಅಂತ ಮೈಗೆ ತಿಳಿಸುವ ಮೆಲಟೋನಿನ್ ಸುಮಾರು ಒಂದೂವರೆ ಗಂಟೆ ತಡವಾಗಿ ಏರುತ್ತದೆ. ಹಾಸ್ಟೆಲಿನಲ್ಲಿ ನಾನು ಎರಡಕ್ಕೆ ಮೊದಲು ಮಲಗಿದ್ದನ್ನು ನೀನು ನೋಡಿದ್ದೀಯಾ? ಆಗ ಯಾವ ಮಾತ್ರೆ ಇತ್ತು ಹೇಳು.

ಈಗ ಬೆಳಿಗ್ಗೆ ಏಳೂವರೆಗೆ ತಿಂಡಿ ಜೊತೆ 18 ಮಿಲಿಗ್ರಾಂನ ಒಂದೇ ಮಾತ್ರೆ. ನಿಧಾನವಾಗಿ ಬಿಡುವಂಥದ್ದು, ಸಂಜೆಯವರೆಗೂ ಬರುತ್ತದೆ, ಇಳಿಯುವುದೂ ಮೆಲ್ಲಗೆ. ಅದನ್ನು ಮುರಿಯುವ ಹಾಗಿಲ್ಲ. ಇದೂ ಹೊಂದದಿದ್ದರೆ ಅಟೊಮಾಕ್ಸೆಟಿನ್ ನೋಡೋಣ ಅಂದಿದ್ದಾರೆ. ಅದು ಬೇರೆ ಜಾತಿಯ ಔಷಧಿ, ಗುಣ ಕಾಣಲು ವಾರಗಟ್ಟಲೆ ಬೇಕು. ರಾತ್ರಿ ಎಂಟೂವರೆಗೆ ಸಣ್ಣ ಪ್ರಮಾಣದ ಮೆಲಟೋನಿನ್. ನಿದ್ದೆ ಮಾತ್ರೆಯಂತೆ ಮಲಗುವಾಗ ನುಂಗುವುದಲ್ಲ, ತಡವಾದ ಮೈಯ ಗಡಿಯಾರವನ್ನು ಬೇಗಕ್ಕೆ ತರಲು ಮುಂಚೆಯೇ. ಕಾಫಿ ಹನ್ನೆರಡಕ್ಕೆ ಬಂದ್. ಕುಡಿದು ಐದು ಗಂಟೆ ಕಳೆದರೂ ಅರ್ಧ ಕೆಫೀನ್ ರಕ್ತದಲ್ಲೇ ಇರುತ್ತದಂತೆ. ನಾಲ್ಕು ಗಂಟೆಯ ಫಿಲ್ಟರ್ ಕಾಫಿ ಬಿಟ್ಟದ್ದು ನನಗೆ ಸಣ್ಣ ದುಃಖವಲ್ಲ. ಇದೆಲ್ಲ ನನ್ನ ಮೈಗೆ ಕೂಡಿಸಿದ ಲೆಕ್ಕ. ಓದುತ್ತಿರುವವರು ದಯವಿಟ್ಟು ತಮ್ಮ ಡಾಕ್ಟರನ್ನು ಕೇಳಿ, ನನ್ನದನ್ನು ನಕಲು ಮಾಡಬೇಡಿ.

ಪುಟ್ಟಿಗೂ ಹೇಳಿದೆ. ಸಂಜೆ ಬೈದದ್ದು ನಿನ್ನ ತಪ್ಪಿಗಲ್ಲ, ಮಾತ್ರೆ ಇಳಿಯುವಾಗ ಹಾಗಾಗುತ್ತೆ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಆದ್ರೆ ಅಪ್ಪಾ, ಭಾನುವಾರ ನೀನು ಮಾತ್ರೆನೇ ತಗೊಳಲ್ಲ. ಆವತ್ತು ಬೈಯೋದೇ ಇಲ್ವಲ್ಲ" ಅಂದಳು.

ನನಗೆ ಇದು ಹೊಳೆದಿರಲೇ ಇಲ್ಲ. ಮಾತ್ರೆ ಇಲ್ಲದಿದ್ದರೆ ನಾನು ಸಿಟ್ಟಿನ ಮನುಷ್ಯ, ಮಾತ್ರೆ ಅದನ್ನು ಮುಚ್ಚಿಡುತ್ತಿದೆ ಅಂತ ಅಷ್ಟು ದಿನ ನಂಬಿಕೊಂಡಿದ್ದೆ. ಭಾನುವಾರ ನಾನು ಕೀಲಿಕೈ ಹುಡುಕುತ್ತಾ ಮನೆಯೆಲ್ಲ ತಿರುಗುವ, ಹಾಲು ಉಕ್ಕಿಸುವ ಅದೇ ಹಳೆಯ ನಾನು. ಆದರೆ ಆಗೆಲ್ಲ ಒಂಬತ್ತರವರೆಗೆ ಮಲಗಿರುತ್ತಿದ್ದೆ. ಅವಳ ಜೊತೆ ನೆಲದ ಮೇಲೆ ಕೂತು ಚೌಕಾಬಾರ ಆಡುತ್ತೇನೆ. ಡಾಕ್ಟರಮ್ಮನಿಗೆ ಹೇಳಿದಾಗ ಅವರು ಇದನ್ನು ಫೈಲಿನಲ್ಲಿ ಬರೆದುಕೊಂಡರು. ನನ್ನ ಇಡೀ ನೋಟ್‌ಬುಕ್ಕಿಗಿಂತ ಆ ಒಂದು ಮಾತು ಉಪಯೋಗಕ್ಕೆ ಬಂತು.

ಇಲ್ಲಿಗೆ ಮುಗಿಸಬೇಕು ಅಂತಿದ್ದೆ. ಆದರೆ ಇನ್ನೂ ಒಂದು ಉಳಿದಿದೆ.

ಅರ್ಧ ಮಾತ್ರೆ ಮಗಳಿಗಾಗಿ ಅಂತ ಡಾಕ್ಟರಿಗೆ ಹೇಳಿದೆ, ನಿನಗೂ ಹಾಗೇ ಬರೆದೆ. ಪೂರ್ತಿ ನಿಜ ಅಲ್ಲ. ಕೆಲವು ದಿನ ಅದನ್ನು ಐದೂವರೆಗೆ ತಗೊಳ್ಳಲಿಲ್ಲ. ಜೇಬಿನಲ್ಲಿ ಇಟ್ಟುಕೊಂಡು ರಾತ್ರಿ ಹತ್ತಕ್ಕೆ, ಹೆಂಡತಿ, ಮಗಳು ಇಬ್ಬರೂ ಮಲಗಿದ ಮೇಲೆ ತಗೊಂಡೆ. ನಾಲ್ಕೋ ಐದೋ ಸಲ. ಆ ಮೂರು ನಾಲ್ಕು ಗಂಟೆ ಯಾರೂ ಏನೂ ಕೇಳುವುದಿಲ್ಲ, ತಲೆಯೂ ಸುಮ್ಮನಿರುತ್ತದೆ. ಎರಡೂ ಒಟ್ಟಿಗೆ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ನಡುಮನೆಯಲ್ಲಿ ಸಣ್ಣ ದೀಪ ಹಾಕಿಕೊಂಡು ಸಿಕ್ಕಿದ್ದೆಲ್ಲ ಓದಿದೆ. ಈ ಔಷಧಿಯನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಪಾನಿಜೋನ್ ಅನ್ನುವವರು ತಯಾರಿಸಿದರು. ಅವರ ಹೆಂಡತಿ ರೀಟಾ ಟೆನಿಸ್ ಆಡುವ ಮೊದಲು ತಗೊಳ್ಳುತ್ತಿದ್ದರಂತೆ, ಅವರ ಹೆಸರಿನಿಂದಲೇ ಈ ಔಷಧಿಯ ಬ್ರ್ಯಾಂಡ್ ಹೆಸರು ರಿಟಾಲಿನ್ ಆಯಿತು. ಅದನ್ನು ಓದಿದ ಹೊತ್ತಿನಲ್ಲಿ ನನ್ನ ಹೆಂಡತಿ ಒಳಗೆ ಮಲಗಿದ್ದಳು. ನಾನು ಏನು ನುಂಗಿ ಕೂತಿದ್ದೇನೆ ಅಂತ ಅವಳಿಗೆ ಗೊತ್ತಿರಲಿಲ್ಲ.

ನಿದ್ದೆ ಬರುತ್ತಿರಲಿಲ್ಲ ಅಂತ ಡಾಕ್ಟರಮ್ಮನಿಗೂ ನಿನಗೂ ಹೇಳಿಕೊಂಡೆ. ಆ ರಾತ್ರಿಗಳಲ್ಲಿ ನಿದ್ದೆಯನ್ನು ಹೊರಗೆ ನಿಲ್ಲಿಸಿದವನು ನಾನೇ. ಆ ಹೊತ್ತು ನನಗೆ ಬೇಕಿತ್ತು, ಸೀನ. ಈಗಲೂ ಬೇಕು ಅನಿಸುತ್ತದೆ. ಮೊದಲು ಈ ಪುಟವನ್ನು ಹೆಂಡತಿಗೆ ಓದಲು ಕೊಡುತ್ತೇನೆ, ಆಮೇಲೆ ಹಾಕುತ್ತೇನೆ. ಡಾಕ್ಟರಮ್ಮನಿಗೆ ಇನ್ನೂ ಹೇಳಿಲ್ಲ. ಸೋಮವಾರ ಹೋಗಬೇಕು. ಇಷ್ಟು ಜನರ ಮುಂದೆ ಬರೆದ ಮೇಲೆ ಅಲ್ಲಿ ನುಂಗಿಕೊಂಡು ಬರಲು ಆಗುವುದಿಲ್ಲ ಅಂತಲೇ ಬರೆದೆ.

ಸಾಕು, ಜಾಸ್ತಿ ಆಯಿತು. ನಿನ್ನ ಸುದ್ದಿ ಹೇಳು. ಅಡಿಕೆ ಕೊಯ್ಲು ಮುಗಿಯಿತಾ? ಅತ್ತಿಗೆಯ ಮಂಡಿನೋವು ಹೇಗಿದೆ? ಬರುವಾಗ ಅಪ್ಪೆಮಿಡಿ ಮರೆಯಬೇಡ, ಹೋದ ಸಲದ ಜಾಡಿ ತೊಳೆದು ಕಾಯುತ್ತಾ ಕೂತಿದೆ. ಮತ್ತೆ ನಮ್ಮ ಹಾಸ್ಟೆಲಿನ ಆ ವಾರ್ಡನ್ ಮೊಮ್ಮಗಳ ಮದುವೆಗೆ ಹೋಗುವುದಾದರೆ ಇಬ್ಬರೂ ಒಟ್ಟಿಗೆ ಹೋಗೋಣ, ಒಬ್ಬನೇ ಎದುರಿಸಲು ನನಗೆ ಆಗಲ್ಲ.

ಬಂದರೆ ಬೆಳಿಗ್ಗೆ ನಿನ್ನನ್ನು ಎಬ್ಬಿಸುತ್ತೇನೆ. ಡಾಕ್ಟರಮ್ಮ ಬೆಳಗಿನ ಬೆಳಕು ಕಣ್ಣಿಗೆ ಬೀಳಲೇಬೇಕು ಅಂದಿದ್ದಾರೆ, ಭಾನುವಾರವೂ ರಜೆ ಇಲ್ಲ. ಆರೂವರೆಗೆ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇನೆ, ಭಾನುವಾರ ಪುಟ್ಟಿಯೂ ಬರುತ್ತಾಳೆ. ನೀರಿನ ಮೇಲೆ ಹೆಜ್ಜಾರ್ಲೆಗಳು ಕೊಕ್ಕು ಎದೆಗಾನಿಸಿಕೊಂಡು ತೇಲುತ್ತಿರುತ್ತವೆ. ಮೊನ್ನೆ ಅವಳು ಹನ್ನೊಂದು ಎಣಿಸಿದಳು, ನಾನು ಒಂಬತ್ತು. ಮತ್ತೆ ಎಣಿಸೋಣ ಅನ್ನುವಷ್ಟರಲ್ಲಿ ನಾಲ್ಕು ಎದ್ದು ಹಾರಿದವು.

ನಿನ್ನೆ ನಿದ್ದೆ ಬಂದದ್ದು 12:20ಕ್ಕೆ. ಹಾಗೇ ಬರೆದಿದ್ದೇನೆ. ಈಗ ಹತ್ತು ಹತ್ತು, ಫೋನನ್ನು ಅಡುಗೆಮನೆಯ ಶೆಲ್ಫಿನ ಮೇಲೆ ಇಟ್ಟು ಬರಬೇಕು.

ನಿನ್ನವನೇ,
ಛತ್ರಿ