ಅವರು ನಮಗೆ ಏನಾಗಬೇಕು?

ಆತ್ಮೀಯ ಬಂಧುಗಳೇ,

ನಮ್ಮ ಬಾಸ್ಟನ್ ಕನ್ನಡಿಗರ ಪತ್ರಿಕೆಯ 2023ರ ರಾಜ್ಯೋತ್ಸವ ಸಂಚಿಕೆ ಬೆಳಗಾಗುವುದರೊಳಗೆ ನಿಮ್ಮ ಕೈಸೇರಬೇಕು. ಈಗ ರಾತ್ರಿ ಹನ್ನೊಂದೂವರೆ. ನಾಡಿಗೆ ಕರ್ನಾಟಕ ಎಂದು ಹೆಸರಿಟ್ಟು 50 ವರ್ಷವಾದದ್ದರ ಬಗ್ಗೆ ಬರೆಯೋಣವೆಂದು ಕೂತೆ. ಆದರೆ ಈ ತಿಂಗಳಿಡೀ ಮಗಳ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ, ಅದನ್ನು ಇಳಿಸದೆ ಬೇರೇನೂ ಬರೆಯಲಾಗುತ್ತಿಲ್ಲ.

ಅಕ್ಟೋಬರ್ 1ರ ಭಾನುವಾರ, ನಮ್ಮ ಬಾಸ್ಟನ್ನಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್‌ಗೆ ಚೆಂಡು ಎಸೆಯುತ್ತಿದ್ದ ಟಿಮ್ ವೇಕ್‌ಫೀಲ್ಡ್ ತೀರಿಕೊಂಡರು. ಇನ್ನೂ 57 ವರ್ಷ, ಮೆದುಳಿನ ಕ್ಯಾನ್ಸರ್. ಒಲೆಯ ಮುಂದೆ ನಿಂತು ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿದ ಹನ್ನೊಂದರ ಮಗಳು ಕೇಳಿದಳು: "ಅಮ್ಮ, ಅವರು ನಮಗೆ ಏನಾಗ್ಬೇಕು?"

ಬಾಸ್ಟನ್ನಿಗೆ ನಾನು ಬಂದದ್ದು 2003ರಲ್ಲಿ. ಆ ಅಕ್ಟೋಬರ್ 16ರ ರಾತ್ರಿ ನ್ಯೂಯಾರ್ಕಿನಲ್ಲಿ ಅಲ್ಲಿನ ಯಾಂಕೀಸ್ ತಂಡದ ವಿರುದ್ಧ ಏಳನೇ, ಕೊನೆಯ ಪಂದ್ಯ. ಏಳರಲ್ಲಿ ನಾಲ್ಕು ಗೆದ್ದವರು ವಿಶ್ವ ಸರಣಿಗೆ, ಅಂದರೆ ಆ ವರ್ಷದ ಅಂತಿಮ ಹಣಾಹಣಿಗೆ. ಒಂಬತ್ತು ಇನಿಂಗ್ಸ್‌ಗೆ ಸಮವಾಗಿದ್ದ ಆಟದ 11ನೇ ಇನಿಂಗ್ಸ್‌ನಲ್ಲಿ ವೇಕ್‌ಫೀಲ್ಡ್ ಎಸೆದ ಮೊದಲ ಚೆಂಡನ್ನೇ ಆರನ್ ಬೂನ್ ಪ್ರೇಕ್ಷಕರ ಮಧ್ಯಕ್ಕೆ ಅಟ್ಟಿದ. ಅಲ್ಲಿಗೆ ರೆಡ್ ಸಾಕ್ಸ್ ಕಥೆ ಮುಗಿಯಿತು. ಮರುದಿನ ನಮ್ಮ ಆಫೀಸು ಸಾವಿನ ಮನೆಯಂತಿತ್ತು. ಈ ಊರಿನವರಿಗೆ ಈ ಆಟ ಏನೆಂಬುದು ನನಗೆ ಅವತ್ತು ತಿಳಿಯಿತು.

ಮುಂದಿನ ವರ್ಷ ಅಪ್ಪ ಆರು ತಿಂಗಳಿಗೆಂದು ಬಂದರು. ಅಮ್ಮ ಹೋದ ಮೇಲಿನ ಮೊದಲ ನವರಾತ್ರಿ. ಅಪಾರ್ಟ್‌ಮೆಂಟಿನಲ್ಲಿ ರಟ್ಟಿನ ಡಬ್ಬಗಳ ಮೇಲೆ ಬಿಳಿ ಪಂಚೆ ಹೊದಿಸಿ ಗೊಂಬೆ ಕೂರಿಸಿದ್ದೆವು, ಪಕ್ಕದಲ್ಲೇ ಟಿವಿ. ಅಪ್ಪ ಕ್ರಿಕೆಟ್ ಹುಚ್ಚಿನವರು. ಕರ್ನಾಟಕ ಎಂಬ ಹೆಸರು ಬಂದ ಮೊದಲ ಋತುವಿನಲ್ಲೇ, 15 ವರ್ಷ ಸತತವಾಗಿ ರಣಜಿ ಗೆದ್ದಿದ್ದ ಬೊಂಬಾಯಿಯನ್ನು ನಮ್ಮವರು ಸೆಮಿಫೈನಲ್‌ನಲ್ಲಿ ಕೆಡವಿದ್ದನ್ನು ಬೆಂಗಳೂರಿನಲ್ಲಿ ಕೂತು ನೋಡಿದವರು. ಪೋಲಿಯೋದಿಂದ ಸೊರಗಿದ ಕೈಯಲ್ಲೇ ಇಂಗ್ಲೆಂಡನ್ನು ಓವಲ್‌ನಲ್ಲಿ ಉರುಳಿಸಿದ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಎಂದರೆ ಅಪ್ಪನಿಗೆ ದೇವರ ಸಮಾನ.

ಬೇಸ್‌ಬಾಲ್ ಅವರಿಗೆ ಹಿಡಿಸಿರಲಿಲ್ಲ. ವೇಕ್‌ಫೀಲ್ಡ್ ಎಸೆಯಲು ಬಂದಾಗ ಮಾತ್ರ ಕುರ್ಚಿಯ ಅಂಚಿಗೆ ಬಂದರು. ಉಳಿದವರು ಗಂಟೆಗೆ 90 ಮೈಲಿ ದಾಟಿ ಎಸೆದರೆ ಇವರದು 65ರ ಆಸುಪಾಸು. ಚೆಂಡನ್ನು ಬೆರಳ ತುದಿಯಲ್ಲಿ, ಉಗುರು ಊರಿ ಹಿಡಿದು ತಳ್ಳುತ್ತಾರೆ, ಅದು ಸುತ್ತುವುದೇ ಇಲ್ಲ. ಸುತ್ತದ ಚೆಂಡಿನ ಹೊಲಿಗೆಗೆ ಗಾಳಿ ತಾಗಿ ಅದು ಬಂದ ದಾರಿಯಲ್ಲೇ ಓಲಾಡುತ್ತದೆ. ಎಲ್ಲಿಗೆ ಹೋಗಿ ಬೀಳುತ್ತದೆಂದು ಎಸೆದವರಿಗೂ ಗೊತ್ತಿಲ್ಲ. "ಇವನು ನಮ್ಮ ಚಂದ್ರ ಕಣೇ!" ಎಂದರು ಅಪ್ಪ.

ಅಕ್ಟೋಬರ್ 16, ಬೂನ್ ಹೊಡೆದು ಸರಿಯಾಗಿ ಒಂದು ವರ್ಷ. ಮತ್ತೆ ಯಾಂಕೀಸ್, ಎರಡು ಪಂದ್ಯ ಸೋತಾಗಿತ್ತು, ಮೂರನೆಯದೂ ಕೈಜಾರುತ್ತಿತ್ತು. ಮರುದಿನದ ಪಂದ್ಯದಲ್ಲಿ ಮೊದಲು ಎಸೆಯಬೇಕಾಗಿದ್ದವರು ವೇಕ್‌ಫೀಲ್ಡ್. ಚೆಂಡು ಎಸೆಯುವ ಯಾವ ಪಿಚರಿಗೂ ಅದು ಗೌರವದ ಸರದಿ, ಇವತ್ತು ಎಸೆದರೆ ಅದು ತಪ್ಪುತ್ತದೆ. ಆದರೂ ಅವರಾಗಿಯೇ ಮ್ಯಾನೇಜರ್ ಹತ್ತಿರ ಹೋಗಿ, ನಾನು ಎಸೆಯುತ್ತೇನೆ, ಉಳಿದವರ ಕೈ ನಾಳೆಗೆ ಉಳಿಯಲಿ ಎಂದರು. ಸೋತ ಪಂದ್ಯದಲ್ಲಿ ನಿಂತು ಏಟು ತಿಂದರು. 19-8.

ನಾಲ್ಕನೆಯದನ್ನು ರೆಡ್ ಸಾಕ್ಸ್ ಗೆದ್ದು ಉಳಿದುಕೊಂಡರು. ಸೋಮವಾರ 18ರಂದು ಐದನೇ ಪಂದ್ಯ, ಐದೂಮುಕ್ಕಾಲು ಗಂಟೆ ಎಳೆಯಿತು. 12ನೇ ಇನಿಂಗ್ಸ್‌ನಿಂದ ವೇಕ್‌ಫೀಲ್ಡ್. ಅವರ ಚೆಂಡು ಹಿಡಿದು ರೂಢಿಯಿಲ್ಲದ, ಕ್ರಿಕೆಟ್ಟಿನ ಕೀಪರ್‌ನಂತೆ ಹಿಂದೆ ಕೂತಿದ್ದ ವಾರಿಟೆಕ್ 13ನೆಯದರಲ್ಲಿ ಮೂರು ಸಲ ಕೈಚೆಲ್ಲಿದರು. ಅಪ್ಪನಿಗೆ ಕೂರಲಾಗಲಿಲ್ಲ, ಪಟ್ಟದ ಗೊಂಬೆಯ ಮುಂದೆ ನಿಂತು ಗುಂಡಪ್ಪ ವಿಶ್ವನಾಥ್ ಬ್ಯಾಟ್ ಮಾಡುವಾಗ ತಾವು ಹೇಳಿಕೊಳ್ಳುತ್ತಿದ್ದ ಶ್ಲೋಕವನ್ನೇ ಹೇಳಿದರು. ಒಂದೂ ರನ್ ಹೋಗಲಿಲ್ಲ. 14ರಲ್ಲಿ ನಮ್ಮ ಆರ್ಟೀಜ್ ಹೊಡೆದು ಗೆಲ್ಲಿಸಿದರು. ಮುಂದಿನ ಎರಡೂ ಪಂದ್ಯ ಗೆದ್ದು ರೆಡ್ ಸಾಕ್ಸ್ ವಿಶ್ವ ಸರಣಿಗೆ ಹೋದರು. ಆಯುಧಪೂಜೆಗೆ ಅಪ್ಪ ಅಂಗಡಿಯಿಂದ ಒಂದು ಬೇಸ್‌ಬಾಲ್ ತಂದು, ಕುಂಕುಮ ಹಚ್ಚಿ ಶೆಟ್ಟಿ ದಂಪತಿಯ ಪಕ್ಕ ಕೂರಿಸಿದರು. ಶೀಗೆ ಹುಣ್ಣಿಮೆಯ ರಾತ್ರಿ, ಚಂದ್ರಗ್ರಹಣ ಹಿಡಿದಿರುವಾಗಲೇ, ರೆಡ್ ಸಾಕ್ಸ್ 86 ವರ್ಷದ ನಂತರ ವಿಶ್ವ ಸರಣಿ ಗೆದ್ದರು. ಗ್ರಹಣ ಬಿಡುವವರೆಗೆ ಅಪ್ಪ ಪಾಯಸ ಮುಟ್ಟಲಿಲ್ಲ.

ವೇಕ್‌ಫೀಲ್ಡ್‌ರನ್ನು 1988ರಲ್ಲಿ ಪಿಟ್ಸ್‌ಬರ್ಗ್ ತೆಗೆದುಕೊಂಡದ್ದು ಬ್ಯಾಟಿಂಗಿಗೆ. ಅದು ಕೈಹತ್ತದೆ ಎಸೆಯಲು ಕಲಿತರು. 1995ರಲ್ಲಿ ಅಲ್ಲಿಂದಲೂ ಕಳಿಸಿದರು. ಬಾಸ್ಟನ್ ಕರೆಯಿತು, ಇದೇ ಬಗೆಯ ಚೆಂಡಿಗೆ ಹೆಸರಾದ ನೀಕ್ರೋ ಸಹೋದರರು ತಿದ್ದಿದರು, ಆ ವರ್ಷವೇ 16 ಗೆಲುವು. 17 ಋತು ಇಲ್ಲೇ ಉಳಿದರು, 45 ದಾಟಿದ ಮೇಲೆ 200ನೇ ಗೆಲುವು ಕಂಡರು. ಒಂದಕ್ಕೆಂದು ಬಂದು ಇನ್ನೊಂದನ್ನು ಕಲಿತು ಊರೂರಿದ ನಮ್ಮಲ್ಲಿ ಎಷ್ಟು ಜನರಿಗೆ ಇದು ಸ್ವಂತ ಕಥೆ!

ಈಗ ಸೂಚನೆಗಳು, ಅವಸರದಲ್ಲೇ: ರಾಜ್ಯೋತ್ಸವ ನವೆಂಬರ್ 4, ಶನಿವಾರ ಮಧ್ಯಾಹ್ನ 2ಕ್ಕೆ, ನಾಡಗೀತೆಗೆ ಮಕ್ಕಳು 1ಕ್ಕೇ ಬರಲಿ. ದೀಪಾವಳಿ ಊಟ 18ಕ್ಕೆ, ತಟ್ಟೆ-ಲೋಟ ಮನೆಯಿಂದಲೇ ತನ್ನಿ, ಒಬ್ಬಟ್ಟಿಗೆ ಹೆಸರು ಕೊಟ್ಟವರು ಎಷ್ಟೆಂದು ತಿಳಿಸಿ. ಕನ್ನಡ ಕಲಿ ತರಗತಿಗೆ ಹಿಮ ಬಿದ್ದರೆ ರಜೆ. ಸದಸ್ಯತ್ವ ನವೀಕರಣ ವರ್ಷಾಂತ್ಯದೊಳಗೆ.

ಇನ್ನೊಂದು ಮಾತು. ಗಣೇಶನ ಹಬ್ಬದ ರಾತ್ರಿ ಪಾತ್ರೆ ತೊಳೆದು, ಹಾಲ್ ಗುಡಿಸಿ, ಕೀಲಿ ಕೊಟ್ಟು ಹೋದವರು ನಾಲ್ಕೇ ಜನ, ಐದು ವರ್ಷದಿಂದ ಅದೇ ನಾಲ್ಕು ಜನ. ಅವರಲ್ಲಿ ಇಬ್ಬರು ಈ ಡಿಸೆಂಬರಿಗೆ ಊರಿಗೇ ಮರಳುತ್ತಿದ್ದಾರೆ. ವೇದಿಕೆಗೆ ಹೆಸರು ಕೊಡುವವರಿದ್ದಾರೆ, ಅದು ಸಂತೋಷವೇ. ಸೋತ ಪಂದ್ಯದಲ್ಲಿ ಚೆಂಡು ಎತ್ತಿಕೊಳ್ಳುವವರು ಬೇಕು. ಈ ಪತ್ರಿಕೆಗೂ ಇಬ್ಬರು ಬೇಕು, ನನ್ನೊಬ್ಬಳಿಂದ ಇನ್ನು ಆಗುವುದಿಲ್ಲ. ದಯವಿಟ್ಟು ಬನ್ನಿ.

ಅಪ್ಪ ಹೋಗಿ ಏಳು ವರ್ಷವಾಯಿತು. ಅವರು ತಂದ ಚೆಂಡು ಪ್ರತಿ ನವರಾತ್ರಿಗೆ ಗೊಂಬೆಗಳ ಜೊತೆ ಹೊರಬರುತ್ತದೆ, ಹೊಲಿಗೆಯ ಸಂದಿನಲ್ಲಿ ಕುಂಕುಮ ಹಾಗೇ ಇದೆ. ಈ ಸಲ ಗೊಂಬೆ ಎತ್ತಿಡುವಾಗ ಮಗಳು ಅದನ್ನು ಪೆಟ್ಟಿಗೆಗೆ ಹಾಕಲು ಕೊಡಲಿಲ್ಲ. ಉಗುರು ಊರಿ ಹಿಡಿದು, "ತಾತ ಹೀಗೆ ಹಿಡೀತಿದ್ರಾ?" ಎಂದು ಕೇಳಿದಳು.

ನಿಮ್ಮ ಸಂಪಾದಕಿ