ಬಾಣದ ಮೇಲೆ ಏನು ಹೋಗುತ್ತದೆ?

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ ತಿದ್ದುವ ಕೆಲಸ ನನ್ನದು. ಹೆಚ್ಚಿನ ವರದಿಗಳಲ್ಲಿ 'ಸಿಸ್ಟಮ್ ಮಾಡೆಲ್' ಅಂತ, ಅಂದರೆ ವ್ಯವಸ್ಥೆಯ ಭಾಗಗಳನ್ನೂ ಅವುಗಳ ಸಂಬಂಧವನ್ನೂ ತೋರಿಸುವ ನಕ್ಷೆಯ ಒಂದು ಪುಟ ಇರುತ್ತದೆ. ನಾಲ್ಕಾರು ಚೌಕ, ನಡುವೆ ಬಣ್ಣಬಣ್ಣದ ಬಾಣಗಳು. ಒಂದು ಬಾಣದ ಮೇಲೆ ಬೆರಳಿಟ್ಟು 'ಇದರಲ್ಲಿ ಏನು ಹೋಗುತ್ತದೆ?' ಎಂದು ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಕೇಳುವವರೇ ಇಲ್ಲದಿದ್ದರೆ ಅವರಾದರೂ ಯಾಕೆ ಯೋಚಿಸುತ್ತಾರೆ, ಅಲ್ವಾ?

ಪಾಠ ಮಾಡಲು ಬರುವ ಮೊದಲು ಬ್ಯಾಟರಿ ವಾಹನ ಮಾಡುವ ತಂಡದಲ್ಲಿದ್ದೆ. ನಕ್ಷೆಯಲ್ಲಿ ಬ್ಯಾಟರಿಯಿಂದ ಕಂಟ್ರೋಲರ್‌ಗೆ ಒಂದೇ ಒಂದು ಬಾಣ ಇತ್ತು. ಎಲೆಕ್ಟ್ರಿಕಲ್‌ನವರು ಅದನ್ನು ಕರೆಂಟ್ ಹೋಗುವ ಕೇಬಲ್ ಎಂದು ಓದಿದರು. ಸಾಫ್ಟ್‌ವೇರ್‌ನವರು ಬ್ಯಾಟರಿಯ ಬಿಸಿ ಎಷ್ಟಿದೆ ಎಂಬ ಮಾಹಿತಿ ಎಂದು ಓದಿದರು. ಎಲ್ಲರೂ ಒಪ್ಪಿ ಸಹಿ ಹಾಕಿದರು. ಜೋಡಿಸುವ ದಿನ ನೋಡಿದರೆ ಆ ಮಾಹಿತಿಗೆ ಕನೆಕ್ಟರ್‌ನಲ್ಲಿ ಪಿನ್ನೇ ಇಲ್ಲ! ವೈರಿಂಗ್ ಪೂರ್ತಿ ಮತ್ತೆ ಮಾಡಿಸಬೇಕಾಯಿತು.

ಇಂಥದ್ದಕ್ಕೆ ಕಡಿವಾಣ ಹಾಕಲು ಸಿಸ್‌ಎಂಎಲ್ ಎಂಬ ಚಿತ್ರಭಾಷೆ ಇದೆ. ಸಾಫ್ಟ್‌ವೇರ್‌ನವರು ಬಳಸುವ ಯುಎಂಎಲ್ ಎಂಬ ಚಿತ್ರಭಾಷೆ 1997ರಲ್ಲೇ ಬಂದಿತ್ತು. ಯಂತ್ರ, ವಿದ್ಯುತ್, ಸಾಫ್ಟ್‌ವೇರ್ ಎಲ್ಲ ಸೇರಿದ ವ್ಯವಸ್ಥೆಗೆ ಅದು ಸಾಲದು ಎಂದು ಅದನ್ನೇ ತಿದ್ದಿ ಬೆಳೆಸಿ, 2007ರಲ್ಲಿ ಸಿಸ್‌ಎಂಎಲ್‌ನ ಮೊದಲ ಆವೃತ್ತಿ ಪ್ರಕಟಿಸಿದರು. ಅದರಲ್ಲಿ ಒಂಬತ್ತು ಬಗೆಯ ಚಿತ್ರಗಳಿವೆ. ಬ್ಲಾಕ್‌ಗೆ, ಅಂದರೆ ಒಂದು ಭಾಗವನ್ನು ತೋರಿಸುವ ಚೌಕಕ್ಕೆ, ಪೋರ್ಟ್ ಎಂಬ ಬಾಗಿಲು ಇಡಬಹುದು, ಆ ಪೋರ್ಟ್‌ಗೆ ಒಂದು ಬಗೆ ಹೇಳಬಹುದು. ಅಲ್ಲಿ ಹೋಗುವುದು ಕರೆಂಟೋ, ನೀರೋ, ಮಾಹಿತಿಯೋ, ಯಾವ ದಿಕ್ಕಿಗೆ, ಯಾವ ಅಳತೆಯಲ್ಲಿ ಎಂದೆಲ್ಲ ನಮೂದಿಸಬಹುದು.

ಅಳತೆಯ ಮಾತು ಸುಮ್ನೆ ಎತ್ತಿದ್ದಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹತ್ತಿರ ಹೋಗಿ ನಾಶವಾಯಿತು. ಒಂದು ಕಡೆಯ ಸಾಫ್ಟ್‌ವೇರ್ ನೌಕೆಯನ್ನು ತಳ್ಳಿದ್ದು ಎಷ್ಟು ಎಂಬ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತು, ಇನ್ನೊಂದು ಕಡೆ ಅದನ್ನು ನ್ಯೂಟನ್ ಲೆಕ್ಕ ಎಂದು ತೆಗೆದುಕೊಂಡಿತು. ಚಿತ್ರ ಬಿಡಿಸಿದ್ದರೆ ನೌಕೆ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ನ್ಯೂಟನ್ ಲೆಕ್ಕವೇ ಬೇಕೆಂದು ಆ ಯೋಜನೆಯ ಕಾಗದದಲ್ಲಿ ಬರೆದೇ ಇತ್ತು. ಆದರೆ ಕಾಗದದಲ್ಲಿ ಉಳಿದ ಮಾತನ್ನು ಕಂಪ್ಯೂಟರ್ ಪರೀಕ್ಷಿಸಲಾರದು. ಮಾಡೆಲ್‌ನೊಳಗೆ ಸೇರಿದ ಅಳತೆಯನ್ನು ಪರೀಕ್ಷಿಸಬಲ್ಲದು.

ನನ್ನ ಮಟ್ಟಿಗೆ ಒಂಬತ್ತರಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಅಗತ್ಯಗಳ ಚಿತ್ರ. 'ಬ್ಯಾಟರಿ ಇಷ್ಟಕ್ಕಿಂತ ಬಿಸಿಯಾಗಬಾರದು' ಎಂಬ ಒಂದು ಅಗತ್ಯ ಇದೆ ಎನ್ನಿ. ಅದನ್ನು ಪೂರೈಸುವ ಭಾಗ ಯಾವುದು, ಪೂರೈಸಿದೆ ಎಂದು ತೋರಿಸುವ ಪರೀಕ್ಷೆ ಯಾವುದು ಎಂದು ಗೆರೆ ಎಳೆದು ಹೇಳಬೇಕು. ಗೆರೆ ಇಲ್ಲದ ಅಗತ್ಯ ತಕ್ಷಣ ಕಣ್ಣಿಗೆ ಬೀಳುತ್ತದೆ. ವಿದ್ಯಾರ್ಥಿಗಳ ವರದಿಗಳಲ್ಲಿ ನಾನು ಕಾಣದ ಚಿತ್ರವೂ ಇದೇ.

2025ರಲ್ಲಿ ಸಿಸ್‌ಎಂಎಲ್‌ನ ಎರಡನೇ ಆವೃತ್ತಿಗೆ ಒಪ್ಪಿಗೆ ಸಿಕ್ಕಿದೆ. ಅದರಲ್ಲಿ ಮಾಡೆಲನ್ನು ಪ್ರೋಗ್ರಾಂ ಹಾಗೆ ಬರೆಯಲೂಬಹುದು. ಇನ್ನು ಚಿತ್ರ ಯಾಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರಹದಲ್ಲಿ ಏನು ಬದಲಾಯಿತು ಎಂದು ಹುಡುಕುವುದು ಸುಲಭ, ನಿಜ. ಆದರೆ ಮೆಕ್ಯಾನಿಕಲ್‌ನವರೂ ಸಾಫ್ಟ್‌ವೇರ್‌ನವರೂ ಒಂದೇ ಮೇಜಿಗೆ ಬಂದಾಗ ಎಲ್ಲರ ಕಣ್ಣು ಹೋಗುವುದು ಚಿತ್ರದ ಕಡೆಗೇ.

ಪ್ರಾಜೆಕ್ಟ್ ಪರೀಕ್ಷೆ ಮಾಡುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟು. ಅಂಕ ಕೊಡುವ ಮೊದಲು ಯಾವುದಾದರೂ ಒಂದು ಬಾಣ ಆರಿಸಿ, ಏನು, ಯಾವ ಅಳತೆಯಲ್ಲಿ, ಯಾವ ಅಗತ್ಯಕ್ಕಾಗಿ ಎಂದು ಕೇಳಿ. ದುಬಾರಿ ಸಾಫ್ಟ್‌ವೇರ್ ಕೂಡ ಬೇಕಿಲ್ಲ. ಸಿಸ್‌ಎಂಎಲ್ ಚಿತ್ರಗಳನ್ನು ಬಿಡಿಸಲು ಪ್ಯಾಪಿರಸ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ.

– ಒಬ್ಬ ಉಪನ್ಯಾಸಕಿ