ಸಂಕೋಚ ಬಿಟ್ಟು ಬರೆದುಕೊಟ್ಟವರಿಗೆ ಧನ್ಯವಾದ

ಕರುಳಿನ ದಿನಚರಿಯ ಹಾಳೆ ಕೊನೆಗೂ ಸಿದ್ಧವಾಗಿದೆ. ಮಲವಿಸರ್ಜನೆಯ ರೂಢಿ ಇದ್ದಕ್ಕಿದ್ದಂತೆ ಬದಲಾದವರು ಎರಡು ವಾರ ತುಂಬಿ ವೈದ್ಯರ ಮುಂದಿಡಬಹುದಾದ ಒಂದೇ ಪುಟ ಅದು. ಇದರಲ್ಲಿ ನಮ್ಮ ಕೆಲಸಕ್ಕಿಂತ, ಕರಡನ್ನು ತುಂಬಿ, ಗೀಚಿ, ‘ಈ ಪ್ರಶ್ನೆ ಅರ್ಥವಾಗುವುದಿಲ್ಲ’ ಎಂದು ಹಿಂದಿರುಗಿಸಿದವರ ಕೆಲಸವೇ ಹೆಚ್ಚು. ಮನೆಯವರ ಎದುರೂ ಆಡದ ಮಾತನ್ನು ಕಾಗದದ ಮೇಲಿಟ್ಟಿರಿ. ಅದಕ್ಕೆ ಈ ಬರಹ.

‘ದಿನಕ್ಕೊಮ್ಮೆ ಆಗುತ್ತದೆಯೇ?’ ಎಂಬ ಮೊದಲ ಪ್ರಶ್ನೆಯನ್ನೇ ಹೊಡೆದುಹಾಕಿದವರಿಗೆ ಮೊದಲ ವಂದನೆ. ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೆ ಎಲ್ಲವೂ ಸಹಜವೇ. ವಾರಕ್ಕೆ ಮೂರೇ ಸಲ ಹೋಗಿಯೂ ಹಾಯಾಗಿರುವವರಿಗೆ ಔಷಧ ಬೇಕಿಲ್ಲ. ಆದರೆ ವರ್ಷಗಟ್ಟಲೆ ದಿನಕ್ಕೊಮ್ಮೆ ಹೋಗುತ್ತಿದ್ದವರು ಈಗ ನಾಲ್ಕು ಸಲ ಓಡುತ್ತಿದ್ದರೆ ಅದು ಸುದ್ದಿ. ಹೀಗಾಗಿ ಹಾಳೆ ಈಗ ‘ಮೊದಲು ಹೇಗಿತ್ತು, ಯಾವಾಗಿನಿಂದ ಬದಲಾಯಿತು’ ಎಂದು ಶುರುವಾಗುತ್ತದೆ. ವೈದ್ಯರಿಗೆ ಬೇಕಾದ ಅಳತೆಗೋಲು ನಿಮ್ಮದೇ ಹಳೆಯ ರೂಢಿ.

‘ಗಟ್ಟಿ’, ‘ಸಡಿಲ’ ಎಂಬ ಪದಗಳೂ ಹೋದವು. ಒಬ್ಬರ ಸಡಿಲ ಇನ್ನೊಬ್ಬರಿಗೆ ಮಾಮೂಲು. ಬದಲಿಗೆ ಮಲದ ರೂಪವನ್ನು 1ರಿಂದ 7ರವರೆಗೆ ವಿಂಗಡಿಸುವ, 1997ರಲ್ಲಿ ಪ್ರಕಟವಾದ ಬ್ರಿಸ್ಟಲ್ ಪಟ್ಟಿಯ ಅಂಕಿ ಬರೆದರೆ ಸಾಕು. ಬಿಡಿಬಿಡಿ ಗಟ್ಟಿ ಉಂಡೆಗಳಾದರೆ 1, ನುಣುಪಾಗಿ ಉದ್ದಕ್ಕೆ ಬಂದರೆ 4, ಚೂರೂ ಇಲ್ಲದೆ ಬರೀ ನೀರಾದರೆ 7. 1 ಮತ್ತು 2 ಮಲಬದ್ಧತೆಯ ಕಡೆ, 6 ಮತ್ತು 7 ಭೇದಿಯ ಕಡೆ.

ಈ ಅಂಕಿಗಳ ಬೆಲೆ ತೋರಿಸಿಕೊಟ್ಟವರು ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರು. ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಹಲವು ದಿನ ಏನೂ ಇಲ್ಲ, ಅಥವಾ 1ನೇ ಬಗೆಯ ಒಂದೆರಡು ಉಂಡೆ. ಆಮೇಲೆ ಇದ್ದಕ್ಕಿದ್ದಂತೆ 7, ಬಟ್ಟೆಯೆಲ್ಲ ಒದ್ದೆ. ನೋಡಿದವರಿಗೆ ಭೇದಿ. ನಿಜಕ್ಕೂ ಆಗಿರುವುದು ಅದರ ತದ್ವಿರುದ್ಧ: ಗುದನಾಳದಲ್ಲಿ ಒಣಗಿದ ಮಲ ಅಡ್ಡ ಕೂತಿದೆ, ಮೇಲಿನ ನೀರುಮಲ ಅದರ ಪಕ್ಕದಿಂದ ಜಾರಿ ಸೋರುತ್ತಿದೆ. ಇದಕ್ಕೆ ಭೇದಿ ನಿಲ್ಲಿಸುವ ಲೋಪೆರಮೈಡ್ ಕೊಟ್ಟರೆ ಕರುಳಿನ ಚಲನೆ ಇನ್ನೂ ನಿಧಾನವಾಗಿ ಅಡಚಣೆ ಬಿಗಿಯಾಗುತ್ತದೆ. ಹಿಂದಿನ ದಿನಗಳ ಸಾಲು ಕಣ್ಣೆದುರು ಇದ್ದರೆ ಈ ಎಡವಟ್ಟು ತಪ್ಪುತ್ತದೆ. ಅದಕ್ಕೇ ಏನೂ ಆಗದ ದಿನವನ್ನು ಖಾಲಿ ಬಿಡಬೇಡಿ, ಸೊನ್ನೆ ಬರೆಯಿರಿ.

ಔಷಧದ ಕಾಲಂ ಸೇರಿಸಿದ್ದು ಔಷಧ ಅಂಗಡಿಗಳಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟರ ಒತ್ತಾಯದಿಂದ. ಹೆಸರಷ್ಟೇ ಸಾಲದು, ಶುರುಮಾಡಿದ ತಾರೀಖೂ ಬೇಕು ಎಂದವರೂ ಅವರೇ. ಕಬ್ಬಿಣದ ಮಾತ್ರೆ ಮಲವನ್ನು ಗಟ್ಟಿ ಮಾಡುತ್ತದೆ, ಹಸಿರುಗಪ್ಪು ಬಣ್ಣವನ್ನೂ ಕೊಡುತ್ತದೆ. ಆಂಟಾಸಿಡ್‌ನಲ್ಲಿ ಅಲ್ಯೂಮಿನಿಯಂ ಇದ್ದರೆ ಕಟ್ಟುತ್ತದೆ, ಮೆಗ್ನೀಸಿಯಂ ಇದ್ದರೆ ಸಡಿಲಿಸುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನಿಂದ ಭೇದಿ, ಮಾರ್ಫಿನ್‌ನಂಥ ಓಪಿಯಾಯ್ಡ್ ನೋವು ನಿವಾರಕಗಳಿಂದ ಮಲಬದ್ಧತೆ ಸಾಮಾನ್ಯ. ಆಂಟಿಬಯಾಟಿಕ್ ಮುಗಿದು ಕೆಲವು ವಾರಗಳಾದ ಮೇಲೂ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಭೇದಿ ಕಾಣಿಸಿಕೊಳ್ಳಬಹುದು. ಹಾಗೆಂದು ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಪ್ರಯೋಗಾಲಯದವರ ಸಹನೆ ದೊಡ್ಡದು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಫಿಟ್ ಪರೀಕ್ಷೆಯ ಸೂಚನೆಗಳನ್ನು ಅವರೇ ತಿದ್ದಿದರು: ಕಮೋಡಿನ ನೀರು ತಾಗುವ ಮೊದಲೇ ಮಾದರಿ ಹಿಡಿಯಬೇಕು, ಕಡ್ಡಿಯ ಗೀರುಗಳು ತುಂಬಿದರೆ ಸಾಕು, ಮೆತ್ತಿದರೆ ಅಳತೆ ತಪ್ಪುತ್ತದೆ. ರಕ್ತ ಕಣ್ಣಿಗೇ ಕಾಣುತ್ತಿದ್ದರೆ ಮಾತ್ರ ಫಿಟ್ ನೆಗೆಟಿವ್ ಬಂತೆಂದು ಸುಮ್ಮನಿರಬಾರದು. ಕರುಳಿನ ಉರಿಯೂತ ತಿಳಿಸುವ ಕ್ಯಾಲ್‌ಪ್ರೊಟೆಕ್ಟಿನ್ ಐಬುಪ್ರೊಫೆನ್‌ನಂಥ ಮಾತ್ರೆಯಿಂದಲೂ ಏರಬಹುದು. ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಗೆ ಮುನ್ನವೇ ಗೋಧಿ ಬಿಟ್ಟವರಿಗೆ ಕಾಯಿಲೆ ಇದ್ದೂ ಇಲ್ಲವೆಂಬ ಫಲಿತಾಂಶ ಬರಬಹುದು. ಪರೀಕ್ಷೆ ಮುಗಿಯುವವರೆಗೆ ತಿನ್ನುತ್ತಲೇ ಇರಿ.

ಕೆಂಪು ಚೌಕ ದೊಡ್ಡದಾಗಲಿ ಎಂದು ಹಟ ಹಿಡಿದ ಶುಶ್ರೂಷಕಿಯರು ಹೇಳಿದ್ದೇ ಸರಿ. ಅದರಲ್ಲಿರುವ ಯಾವುದೇ ಲಕ್ಷಣಕ್ಕೆ ಎರಡು ವಾರ ಕಾಯುವಂತಿಲ್ಲ. ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ, ಬಿಳಿಚಿದ ಮಲ, ಜೊತೆಗೆ ಗಾಢ ಮೂತ್ರ, ಹಳದಿ ಕಣ್ಣು, ಪ್ರಯತ್ನಿಸದೆ ಇಳಿಯುವ ತೂಕ, ನಿದ್ದೆಯಿಂದ ಎಬ್ಬಿಸುವ ಭೇದಿ, ಕಾರಣ ತಿಳಿಯದ ರಕ್ತಹೀನತೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ನೇರ ತುರ್ತು ಚಿಕಿತ್ಸೆಗೆ. ರಕ್ತ ಕಂಡಾಗಲೆಲ್ಲ ‘ಮೂಲವ್ಯಾಧಿ ಇರಬೇಕು’ ಎಂದು ಸಮಾಧಾನಪಟ್ಟುಕೊಳ್ಳುವ ಚಾಳಿ ಅಪಾಯಕಾರಿ. ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರ್ ಬರುವುದೇ ಇಲ್ಲ ಎಂದೇನೂ ಇಲ್ಲವಲ್ಲ.

ಹಿಂಬದಿಯ ಸಲಹೆಗಳಲ್ಲಿ ‘ನಾರು ಹೆಚ್ಚಿಸಿ’ ಎಂಬ ಒಂದೇ ಸಾಲಿಗೆ ಆಕ್ಷೇಪಿಸಿದವರಿಗೂ ನಮಸ್ಕಾರ. ದೊಡ್ಡವರಿಗೆ ದಿನಕ್ಕೆ 25ರಿಂದ 30 ಗ್ರಾಂ ಗುರಿ ಸರಿ, ಆದರೆ ಒಂದೇ ದಿನಕ್ಕೆ ಏರಿಸಿದರೆ ಹೊಟ್ಟೆಯುಬ್ಬರ ಖಚಿತ; ವಾರಗಳ ಮೇಲೆ ಸ್ವಲ್ಪಸ್ವಲ್ಪವೇ ಏರಿಸಬೇಕು. ಇಸಬಗೋಲನ್ನು ಒಂದು ದೊಡ್ಡ ಲೋಟ ನೀರಿಲ್ಲದೆ ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಕಮೋಡಿನ ಮೇಲೆ ಕೂರುವವರು ಪಾದದಡಿ ಗಿಡ್ಡ ಮಣೆ ಇಟ್ಟು ಮೊಣಕಾಲನ್ನು ಸೊಂಟಕ್ಕಿಂತ ಮೇಲೆ ತಂದರೆ ಗುದನಾಳದ ತಿರುವು ನೇರವಾಗುತ್ತದೆ, ಮುಕ್ಕುವುದು ಕಡಿಮೆಯಾಗುತ್ತದೆ. ಭೇದಿಗೆ ಓಆರ್‌ಎಸ್: ಪೊಟ್ಟಣದ ಮೇಲೆ 1 ಲೀಟರ್ ಎಂದಿದ್ದರೆ ಪೂರ್ತಿ ಪುಡಿಯನ್ನು ಪೂರ್ತಿ 1 ಲೀಟರ್ ನೀರಿಗೇ ಕಲಸಿ, ಲೋಟಕ್ಕೆ ಚಮಚದ ಲೆಕ್ಕದಲ್ಲಿ ಬೇಡ. ಉಳಿದದ್ದನ್ನು 24 ಗಂಟೆಯ ನಂತರ ಚೆಲ್ಲಿ.

ಹಾಳೆಯನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು. ಹೆಸರು ಬರೆಯುವ ಜಾಗವನ್ನು ನಿಮ್ಮಲ್ಲಿ ಹಲವರು ಕೇಳಿದಂತೆಯೇ ತೆಗೆದುಹಾಕಿದ್ದೇವೆ.